ಸುಂಕದ ಪಟ್ಟಿ ಓದುವವರು

ಬೆಂಗಳೂರು, ದೆಹಲಿಗಳ ಅಧ್ಯಯನ ಸಂಸ್ಥೆಗಳಲ್ಲಿ ಈಗ ಹೊಸ ಬಗೆಯ ಯುವಕ ಯುವತಿಯರು ಕಾಣಸಿಗುತ್ತಾರೆ. ತಂತ್ರಜ್ಞಾನ ಮತ್ತು ವ್ಯಾಪಾರ ನೀತಿ ಅವರ ವಿಷಯ. ದಿನವಿಡೀ ಅವರು ಓದುವುದು ಕಸ್ಟಮ್ಸ್ ಸಂಕೇತಗಳನ್ನು, ಒಪ್ಪಂದಗಳ ಅಡಿಟಿಪ್ಪಣಿಗಳನ್ನು. ಇದರಿಂದ ಯಾರಿಗೇನು ಲಾಭ ಎನ್ನುವವರು ಮೊಬೈಲ್ ಫೋನಿನ ಕತೆಯನ್ನು ಕೇಳಬೇಕು.

1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದ ಸಿದ್ಧವಾಯಿತು. ಕಂಪ್ಯೂಟರ್, ದೂರಸಂಪರ್ಕ ಉಪಕರಣಗಳ ಆಮದು ಸುಂಕವನ್ನು ಸೊನ್ನೆಗೆ ಇಳಿಸಬೇಕೆಂಬುದು ಅದರ ಸಾರ. ಮರುವರ್ಷ ಭಾರತವೂ ಸೇರಿತು. ಆಗ ಮೊಬೈಲ್ ಎಂದರೆ ಮಾತನಾಡುವ ಯಂತ್ರ, ಅಷ್ಟೆ. ಬರಬರುತ್ತಾ ಅದರೊಳಗೆ ಕ್ಯಾಮೆರಾ ಬಂತು, ನಕ್ಷೆ ಬಂತು, ಬ್ಯಾಂಕೂ ಬಂದು ಕುಳಿತಿತು. 2007ರಲ್ಲಿ ಜಗತ್ತಿನ ಕಸ್ಟಮ್ಸ್ ಸಂಕೇತಗಳೂ ಬದಲಾದವು. ಹಳೆಯ ವಾಗ್ದಾನವನ್ನು ಹೊಸ ಸಂಖ್ಯೆಗಳಿಗೆ ಹೊಂದಿಸಿ ಪಟ್ಟಿ ಮುಂದಿಟ್ಟಾಗ ಭಾರತ ತಕರಾರು ಎತ್ತಲಿಲ್ಲ.

2017ರ ಜುಲೈನಲ್ಲಿ, ಫೋನುಗಳು ಇಲ್ಲೇ ತಯಾರಾಗಲೆಂದು ಸರ್ಕಾರ ಆಮದಿನ ಮೇಲೆ ಶೇ 10 ಸುಂಕ ಹಾಕಿತು. 2018ರ ಫೆಬ್ರವರಿಗೆ ಅದು ಶೇ 20 ಆಯಿತು. ಜಪಾನ್, ತೈವಾನ್, ಐರೋಪ್ಯ ಒಕ್ಕೂಟಗಳು ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿದವು. ಪಟ್ಟಿ ಹೊಂದಿಸುವಾಗ ತಪ್ಪು ನುಸುಳಿದೆ ಎಂದು ಭಾರತ ವಾದಿಸಿತು. 2023ರ ಏಪ್ರಿಲ್‌ನಲ್ಲಿ ವಿಚಾರಣಾ ಮಂಡಳಿ ಅದನ್ನು ಒಪ್ಪಲಿಲ್ಲ. ತಪ್ಪಿರಬಹುದೆಂಬ ಸುಳಿವು ಮೊದಲೇ ಇತ್ತೆಂದಿತು. ಜಪಾನಿನ ಪ್ರಕರಣದಲ್ಲಿ ಭಾರತ ಮೇಲ್ಮನವಿ ಸಲ್ಲಿಸಿತು. ಆದರೆ ಮೇಲ್ಮನವಿ ಪೀಠ 2019ರ ಡಿಸೆಂಬರಿನಲ್ಲೇ ಸಾಕಷ್ಟು ಸದಸ್ಯರಿಲ್ಲದೆ ಕೆಲಸ ನಿಲ್ಲಿಸಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದರೆ ಇದೇ ಇರಬೇಕು.

ಹಾಗೆಂದು ಸುಂಕವೇ ತಪ್ಪು ಎನ್ನಲಾದೀತೆ? ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಫೋನು ಜೋಡಿಸುವ ಹುಡುಗಿಯರ ಸಂಬಳದ ಹಿಂದೆ ಆ ಸುಂಕದ ಪಾಲೂ ಇದ್ದೀತು. ಆದರೆ ಬಿಡಿಭಾಗಗಳಿಗೂ ಸುಂಕ ಬಿದ್ದರೆ ಅದೇ ಕಾರ್ಖಾನೆಯ ಖರ್ಚು ಏರುತ್ತದೆ. ಕೊಳ್ಳುವವನ ಜೇಬಿಗೂ ಕತ್ತರಿ. 2024ರ ಜುಲೈ ಬಜೆಟ್ಟಿನಲ್ಲಿ ಸರ್ಕಾರವೇ ಸುಂಕವನ್ನು ಶೇ 15ಕ್ಕೆ ಇಳಿಸಿತು. ತಯಾರಕರು ತಮ್ಮ ಲೆಕ್ಕ ಹೇಳುತ್ತಾರೆ, ಆಮದುದಾರರು ತಮ್ಮದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಂಶೋಧಕರ ಕೆಲಸ. ಅಧ್ಯಯನಕ್ಕೆ ಹಣ ಕೊಡುವವರೂ ಈ ಎರಡು ಗುಂಪಿನೊಳಗಿನವರೇ ಆಗಿಬಿಟ್ಟರೆ ಆ ಕೆಲಸ ಕಷ್ಟವಾಗುತ್ತದೆ. ಬೇಡವಾದ ಅಂಕಿಯನ್ನೂ ವರದಿಯಲ್ಲಿ ಉಳಿಸುವ ಗಟ್ಟಿತನವಿರಬೇಕು.

ಎರಡು ವರ್ಷದ ಯೋಜನೆ ಮುಗಿದರೆ ಮುಂದೇನು ಎಂದು ಮನೆಯವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಪಟ್ಟಿ ಓದುವವರ ನೌಕರಿ ಕಾಯಂ ಅಲ್ಲ. ಸಹಿ ಬಿದ್ದ ಪಟ್ಟಿ ಮಾತ್ರ ಕಾಲು ಶತಮಾನ ಕಳೆದರೂ ಬೆನ್ನು ಬಿಡುವುದಿಲ್ಲ.