ಆಡುವವರ ಕೈಯಲ್ಲಿ ಆಟದ ಆಯುಸ್ಸು

ಯಾವ ಆಟವೇ ಆಗಲಿ, ಅದರ ಜೀವವು ಎರಡು ಕಡೆ ಹಂಚಿಕೊಂಡಿರುತ್ತದೆ: ಒಂದು ಪಾಲು ಆಟದ ಸಾಮಗ್ರಿಯಲ್ಲಿ, ಇನ್ನೊಂದು ಪಾಲು ಆಡುವವರ ಕೂಟದಲ್ಲಿ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು ನಾಲ್ಕು ಕವಡೆಗಳನ್ನು ಇಟ್ಟುಬಿಟ್ಟ ಮಾತ್ರಕ್ಕೆ ಆಟವಾಗಲಿಲ್ಲ. ಎದುರು ಕುಳಿತು ನಮ್ಮ ಕಾಯನ್ನು ಹೊಡೆಯಲು ಕಾದಿರುವವನೊಬ್ಬನು ಬೇಕು. ಅಂತರಜಾಲದ ಮೂಲಕ ಹಲವರು ಕೂಡಿ ಆಡುವ ಈ ಕಾಲದ ಆಟಗಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಇವುಗಳಲ್ಲಿ ಹಲವಕ್ಕೆ ಈಗ ಇಪ್ಪತ್ತು ವರ್ಷ ದಾಟಿ ಮುಪ್ಪು ಅಡರಿದೆ. ಅವುಗಳ ಸುತ್ತ ಬೆಳೆದ ಕೂಟಗಳು ಒಂದೊಂದಾಗಿ ಕರಗುತ್ತಿವೆ. ಅವನ್ನು ಉಳಿಸಿಕೊಳ್ಳಬಹುದೇ, ಉಳಿಸಿಕೊಳ್ಳಬೇಕೇ ಎಂಬುದು ಈ ಲೇಖನದ ವಿಷಯ.

ಇದೇನು ಅಷ್ಟು ಗಹನವಾದ ಪ್ರಶ್ನೆಯೇ ಎಂದು ಹಿರಿಯರು ಕೇಳಬಹುದು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದಂತಹ ಊರುಗಳನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ಒಂದೇ ಬೆಂಚಿನಲ್ಲಿ ಕುಳಿತು ಓದಿದ ಹುಡುಗರಲ್ಲಿ ಒಬ್ಬನು ಮೈಸೂರಿಗೆ, ಒಬ್ಬನು ಬೆಂಗಳೂರಿಗೆ, ಇನ್ನೊಬ್ಬನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಪಾಳಿಯ ಕೆಲಸಕ್ಕೆ ಹೋಗುತ್ತಾರೆ. ಮತ್ತೊಬ್ಬನು ಊರಿನಲ್ಲಿಯೇ ಗದ್ದೆ ನೋಡಿಕೊಳ್ಳುತ್ತಾನೆ. ಹಬ್ಬಕ್ಕೋ ಮದುವೆಗೋ ಅಲ್ಲದೆ ಇವರು ಒಟ್ಟುಗೂಡುವ ಸ್ಥಳವು ಅನೇಕ ವೇಳೆ ಸಂಜೆಯ ಆಟವೊಂದೇ ಆಗಿರುತ್ತದೆ. ಅದು ನಿಂತ ದಿನ ಗೆಳೆತನದ ಒಂದು ಎಳೆಯೂ ಕಡಿಯುತ್ತದೆ. ಹಣವನ್ನು ಪಣವಾಗಿಟ್ಟು ಆಡುವ ಆಟಗಳ ಮಾತು ಬೇರೆ. ಅವನ್ನು ೨೦೨೫ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾಯಿದೆಯು ನಿಷೇಧಿಸಿದೆ. ನಾವು ಹೇಳಹೊರಟಿರುವುದು ಕೇವಲ ವಿನೋದಕ್ಕಾಗಿ ಆಡುವ ಆಟಗಳ ವಿಷಯ.

ಮೊದಲು ಈ ಆಟಗಳ ಯಾಂತ್ರಿಕ ವ್ಯವಸ್ಥೆಯನ್ನು ನೋಡೋಣ. ಆಡುವವರ ಗಣಕಯಂತ್ರಗಳು ಅಥವಾ ಫೋನುಗಳು ಸಾಮಾನ್ಯವಾಗಿ ಒಂದಕ್ಕೊಂದು ನೇರವಾಗಿ ಮಾತನಾಡುವುದಿಲ್ಲ. ನಡುವೆ ಸರ್ವರ್ ಎಂಬ ಕೇಂದ್ರಯಂತ್ರವೊಂದು ಇರುತ್ತದೆ. ಯಾರು ಎಲ್ಲಿದ್ದಾರೆ, ಯಾರ ಗುರಿ ಯಾರಿಗೆ ತಗಲಿತು ಎಂಬುದನ್ನೆಲ್ಲ ಲೆಕ್ಕವಿಟ್ಟು, ಕ್ಷಣಕ್ಷಣಕ್ಕೂ ಎಲ್ಲರಿಗೂ ತಿಳಿಸುವುದು ಅದರ ಕೆಲಸ. ಸುದ್ದಿಯು ಬಹುದೂರ ಗಾಜಿನ ಎಳೆಗಳೊಳಗೆ ಬೆಳಕಿನ ರೂಪದಲ್ಲಿ ಹರಿಯುತ್ತದೆ. ಶೂನ್ಯದಲ್ಲಿ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಗಾಜಿನಲ್ಲಿ ಸುಮಾರು ಎರಡು ಲಕ್ಷ ಕಿಲೋಮೀಟರ್ ಮಾತ್ರ ಓಡಬಲ್ಲದು. ಸಾವಿರ ಕಿಲೋಮೀಟರ್ ಆಚೆ, ಮುಂಬಯಿಯಂತಹ ನಗರದಲ್ಲಿ ಸರ್ವರ್ ಇದ್ದರೆ, ಹೋಗಿಬರಲು ಸೆಕೆಂಡಿನ ಸಾವಿರದಲ್ಲಿ ೧೦ ಭಾಗ ಸಾಕು. ಸುಮಾರು ೧೪,೦೦೦ ಕಿಲೋಮೀಟರ್ ಆಚೆ, ಅಮೆರಿಕದ ಪೂರ್ವತೀರದಲ್ಲಿದ್ದರೆ, ಕಡಿಮೆಯೆಂದರೂ ೧೪೦ ಭಾಗ ಬೇಕು. ಸೆಕೆಂಡಿಗೆ ೬೦ ಚಿತ್ರಗಳು ಬದಲಾಗುವ ಪರದೆಯಲ್ಲಿ ಇದು ಎಂಟು ಚಿತ್ರಗಳಷ್ಟು ವಿಳಂಬ. ಆಟಗಾರನು ಎಷ್ಟೇ ಚುರುಕಾಗಿರಲಿ, ಈ ವಿಳಂಬವನ್ನು ತಪ್ಪಿಸಲಾರನು. ಇದು ನಿಸರ್ಗದ ನಿಯಮ. ಆಟಕ್ಕೆ ವಯಸ್ಸಾಗಿ ಒಡೆಯರು ಖರ್ಚು ತಗ್ಗಿಸಲು ಹೊರಟು ಹತ್ತಿರದ ಸರ್ವರನ್ನು ಮುಚ್ಚಿದರೆ, ದೂರದ ಊರಿನ ಆಟಗಾರನಿಗೆ ಆಟವು ಹೆಸರಿಗೆ ಮಾತ್ರ ಉಳಿದಿರುತ್ತದೆ.

ಇಂತಹ ಆಟಗಳಿಗೆ ಸಾವು ಎರಡು ಬಗೆಯಲ್ಲಿ ಬರುತ್ತದೆ. ಒಂದು, ಬಾಗಿಲು ಮುಚ್ಚುವ ಸಾವು. ಮಕ್ಕಳ ಅಚ್ಚುಮೆಚ್ಚಿನ ಆಟವಾಗಿದ್ದ ಕ್ಲಬ್ ಪೆಂಗ್ವಿನ್ ೨೦೦೫ರಲ್ಲಿ ಆರಂಭವಾಗಿ ೨೦೧೭ರ ಮಾರ್ಚ್‌ನಲ್ಲಿ ಮುಚ್ಚಿಹೋಯಿತು. ನಮ್ಮ ದೇಶದಲ್ಲಿ ಪಬ್‌ಜಿ ಆಟದ ಮೊಬೈಲ್ ರೂಪವನ್ನು ಸರ್ಕಾರವು ೨೦೨೦ರ ಸೆಪ್ಟೆಂಬರ್ ೨ರಂದು ನಿಷೇಧಿಸಿತು; ಅಕ್ಟೋಬರ್ ೩೦ಕ್ಕೆ ಅದರ ಸೇವೆ ಪೂರ್ತಿಯಾಗಿ ನಿಂತಿತು. ನಿಷೇಧದ ಕಾರಣಗಳ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದುದು ಇಷ್ಟೆ: ದೇಶದ ಅಸಂಖ್ಯಾತ ತರುಣರ ಕೂಟಗಳು ಒಂದೇ ರಾತ್ರಿಯಲ್ಲಿ ಚದುರಿದವು. ಕೂಟವನ್ನು ಕಟ್ಟಿದವರು ಅವರೇ ಆಗಿದ್ದರೂ ಬೀಗದ ಕೈ ಅವರಲ್ಲಿರಲಿಲ್ಲ.

ಇನ್ನೊಂದು, ಸದ್ದಿಲ್ಲದೆ ಬರುವ ಸಾವು. ಸರ್ವರ್ ನಡೆಯುತ್ತಲೇ ಇರುತ್ತದೆ. ಆದರೆ ಒಳಗೆ ಹೋದವನಿಗೆ ಜೊತೆಗಾರರೇ ಸಿಕ್ಕುವುದಿಲ್ಲ. ಇದರ ಲೆಕ್ಕವು ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಿ ಕಂಡೀತು. ಐವರು ಒಂದು ಪಕ್ಷ, ಐವರು ಇನ್ನೊಂದು ಪಕ್ಷ, ಹೀಗೆ ಹತ್ತು ಮಂದಿ ಬೇಕಾದ ಆಟವೊಂದನ್ನು ತೆಗೆದುಕೊಳ್ಳೋಣ. ಕೂಟದಲ್ಲಿ ೬೦ ಮಂದಿ ಇದ್ದಾರೆ. ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗಿನ ಆರು ಗಂಟೆಗಳಲ್ಲಿ ಪ್ರತಿಯೊಬ್ಬನೂ ತನಗೆ ತೋಚಿದ ಒಂದು ಗಂಟೆಯ ಕಾಲ ಬಂದು ಹೋಗುತ್ತಾನೆ. ಯಾವ ಹೊತ್ತಿನಲ್ಲಿ ನೋಡಿದರೂ ಸರಾಸರಿ ಹತ್ತು ಮಂದಿ ಇರುತ್ತಾರೆ. ಸಂಭಾವ್ಯತೆಯ ಗಣಿತದ ಪ್ರಕಾರ ನೂರು ಸಲ ಇಣುಕಿ ನೋಡಿದರೆ ಸುಮಾರು ೫೫ ಸಲ ಆಟಕ್ಕೆ ಬೇಕಾದಷ್ಟು ಜನ ಸಿಕ್ಕುತ್ತಾರೆ. ಈಗ ಕೂಟವು ಅರ್ಧಕ್ಕೆ, ಅಂದರೆ ೩೦ಕ್ಕೆ ಇಳಿಯಿತೆನ್ನಿ. ಆಟ ದೊರೆಯುವ ಅವಕಾಶವೂ ಅರ್ಧಕ್ಕೆ ಇಳಿದೀತೆಂದು ನಾವು ಎಣಿಸುತ್ತೇವೆ. ಆದರೆ ಹಾಗಾಗುವುದಿಲ್ಲ. ನೂರು ಸಲ ಇಣುಕಿದರೆ ಎರಡು ಸಲ ಮಾತ್ರ ಹತ್ತು ಮಂದಿ ಸಿಕ್ಕುತ್ತಾರೆ! ಬಂದವನು ಕಾದು ಬೇಸತ್ತು ಹೋಗುತ್ತಾನೆ, ಮರುದಿನ ಬರುವುದಿಲ್ಲ, ಅದರಿಂದ ಉಳಿದವರ ಕಾಯುವಿಕೆ ಇನ್ನಷ್ಟು ಹೆಚ್ಚುತ್ತದೆ. ಯುರೇನಿಯಮ್ಮಿನ ಗಾತ್ರವು ಒಂದು ಮಿತಿಗಿಂತ ಕಡಿಮೆಯಾದರೆ ಸರಪಳಿ ಕ್ರಿಯೆಯು ತಾನಾಗಿ ಆರಿಹೋಗುವುದೆಂದು ಓದಿದ್ದೀರಲ್ಲವೆ? ಇದೂ ಬಹುಮಟ್ಟಿಗೆ ಅದೇ ಬಗೆಯದು.

ಹಾಗಾದರೆ ಮೂವತ್ತೇ ಮಂದಿ ಉಳಿದಿರುವ ಕೂಟಕ್ಕೆ ಗತಿಯಿಲ್ಲವೇ? ಖಂಡಿತವಾಗಿ ಇದೆ. ಆ ಮೂವತ್ತು ಮಂದಿ ದಿನವೂ ಚದುರಿ ಬರುವುದನ್ನು ಬಿಟ್ಟು, ವಾರಕ್ಕೊಮ್ಮೆ, ಶನಿವಾರ ರಾತ್ರಿ ಎಂಟು ಗಂಟೆಗೆ ಎಂದು ಗೊತ್ತುಮಾಡಿಕೊಂಡು ಬಂದರೆ ಏಕಕಾಲದಲ್ಲಿ ಮೂರು ಆಟಗಳು ನಡೆದಾವು. ಜನಸಂಖ್ಯೆ ಹೆಚ್ಚಲಿಲ್ಲ, ಕಾಲವು ಕೂಡಿಬಂದಿತು. ಈ ಉಪಾಯವನ್ನು ನಮ್ಮ ಊರುಗಳವರು ಹೊಸದಾಗಿ ಕಲಿಯಬೇಕಾಗಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯ ಪಂಚರಥೋತ್ಸವಕ್ಕೆ ದಿನ ಗೊತ್ತಾಗಿರುವುದರಿಂದಲೇ ಜನ ಸೇರುತ್ತದೆ. ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲಿನಲ್ಲಿ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆಸುವ ಪದ್ಧತಿಯು ಆರಂಭವಾದುದು ೧೯೮೯ರಲ್ಲಿ, ಈಚಿನ ಕಾಲದಲ್ಲಿ. ನಡುವೆ ಸಾಂಕ್ರಾಮಿಕದ ಅಡ್ಡಿ ಬಂದರೂ ೨೦೨೫ರ ಫೆಬ್ರವರಿಯಲ್ಲಿ ಮತ್ತೆ ಜನಸಾಗರ ಸೇರಿತು. ಸಂಗಮವು ಪ್ರತಿದಿನವೂ ಅಲ್ಲಿಯೇ ಇದೆ. ಮೇಳವನ್ನು ಸೇರಿಸಿದ್ದು ಪಂಚಾಂಗ.

ಎರಡನೆಯ ಉಪಾಯವು ಹೊಸಬರಿಗೆ ಸಂಬಂಧಿಸಿದ್ದು. ಇಲ್ಲಿ ನಮಗೆ ನಂಜನಗೂಡಿನ ರಸಬಾಳೆಯು ಪಾಠ ಹೇಳಬಲ್ಲದು. ರಸಬಾಳೆಗೆ ಬಿತ್ತುವ ಬೀಜವಿಲ್ಲ. ತಾಯಿಗಿಡದ ಬುಡದಿಂದ ಕಂದನ್ನು ಕಿತ್ತು ಯಾರಾದರೊಬ್ಬರು ನೆಟ್ಟರೆ ಮಾತ್ರ ಅದರ ವಂಶ ಮುಂದುವರಿಯುತ್ತದೆ. ಆಟದ ಕೂಟವೂ ಬೀಜವಿಲ್ಲದ ಬೆಳೆಯೇ. ಹಳೆಯ ಆಟಗಾರನು ಉದ್ಯೋಗವೋ ಸಂಸಾರವೋ ಬಂದು ಆಟ ಬಿಡುವುದಕ್ಕೆ ಮುಂಚೆ ಒಬ್ಬ ಹೊಸಬನನ್ನಾದರೂ ಕೈಹಿಡಿದು ಕಲಿಸದಿದ್ದರೆ ಕೂಟವು ಕರಗುವುದು ನಿಶ್ಚಯ. ರಸಬಾಳೆಗೆ ಕುತ್ತು ತಂದದ್ದು ಪನಾಮಾ ಸೊರಗು ರೋಗ. ಆ ಬೂಷ್ಟು ಮಣ್ಣಿನಲ್ಲಿ ಹತ್ತಾರು ವರ್ಷ ಅಡಗಿದ್ದು, ಹೊಸ ಕಂದು ನೆಟ್ಟೊಡನೆ ಬೇರಿಗೆ ಹತ್ತುತ್ತದೆ. ಹಳೆಯ ಕೂಟಗಳ ಮಣ್ಣಿನಲ್ಲಿಯೂ ಇಂತಹುದೊಂದು ರೋಗವುಂಟು: ತಪ್ಪು ಮಾಡಿದ ಹೊಸಬನನ್ನು ಬೈದು, ಗೇಲಿಮಾಡಿ ಓಡಿಸುವುದು. ಹತ್ತು ವರ್ಷ ಪಳಗಿದವನ ಎದುರು ಮೊದಲ ದಿನದವನು ಸೋಲದೆ ಇನ್ನೇನು ಮಾಡಿಯಾನು? ಅವನಿಗೆ ಸಮಬಲರೊಡನೆ ಆಡಲು ಬೇರೆ ಸಮಯವನ್ನೂ, ಸಂದೇಹ ಕೇಳಲು ಒಬ್ಬ ಹಿರಿಯನನ್ನೂ ಕೂಟವು ಒದಗಿಸಬೇಕು. ಹುಡುಗಿಯರು ಬಂದರೆ ಕೇಳಬಾರದ ಮಾತು ಕೇಳಿಸಿ ಹಿಂದಿರುಗುವಂತೆ ಮಾಡುವ ಕೂಟವು ತನ್ನ ಜನಸಂಖ್ಯೆಯ ಅರ್ಧ ಪಾಲನ್ನು ತಾನೇ ಬಾಗಿಲಿನಾಚೆ ತಳ್ಳಿದಂತಾಯಿತು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಬೀಗದ ಕೈಯ ವಿಚಾರ. ಕೌಂಟರ್-ಸ್ಟ್ರೈಕ್ ಎಂಬ ಆಟವನ್ನು ತೆಗೆದುಕೊಳ್ಳಿ. ೧೯೯೯ರಲ್ಲಿ ಇಬ್ಬರು ಹವ್ಯಾಸಿಗಳು ಇನ್ನೊಂದು ಆಟವನ್ನು ಮಾರ್ಪಡಿಸಿ ಇದನ್ನು ರಚಿಸಿದರು. ಮರುವರ್ಷ ಕಂಪನಿಯೊಂದು ಅದನ್ನು ತನ್ನದಾಗಿಸಿಕೊಂಡು ಮಾರಾಟಕ್ಕೆ ತಂದಿತು. ಅದರ ಹಳೆಯ ರೂಪವನ್ನು ಇಂದಿಗೂ ಆಡುವವರಿದ್ದಾರೆ. ಕಾರಣವೇನೆಂದರೆ, ಸರ್ವರ್ ನಡೆಸುವ ಕ್ರಮವಿಧಿಯು ಆಟಗಾರರ ಕೈಗೇ ದೊರೆತಿದೆ. ಹಳೆಯ ಗಣಕಯಂತ್ರವೊಂದಿದ್ದರೆ ಯಾರು ಬೇಕಾದರೂ ೩೨ ಮಂದಿಯವರೆಗೆ ಆಡುವ ಕೂಟವನ್ನು ನಡೆಸಬಹುದು. ಒಂದೇ ಕಟ್ಟಡದೊಳಗೆ ತಂತಿ ಎಳೆದು ಆಡಿದರೆ ಮೇಲೆ ಹೇಳಿದ ದೂರದ ವಿಳಂಬವೂ ಇಲ್ಲ. ಇದಕ್ಕೆ ವ್ಯತಿರಿಕ್ತವಾದುದು ಸಿಟಿ ಆಫ್ ಹೀರೋಸ್ ಎಂಬ ಆಟದ ಕಥೆ. ಅದರ ಒಡೆಯರು ೨೦೧೨ರ ನವೆಂಬರ್ ೩೦ರಂದು ಸರ್ವರನ್ನು ನಿಲ್ಲಿಸಿದರು. ಆಟಗಾರರು ಗುಟ್ಟಾಗಿ ಅದನ್ನು ಉಳಿಸಿಕೊಂಡಿದ್ದ ಸಂಗತಿ ೨೦೧೯ರಲ್ಲಿ ಹೊರಬಿತ್ತು. ಅವರು ನಡೆಸುತ್ತಿದ್ದ ಸರ್ವರುಗಳಲ್ಲೊಂದಕ್ಕೆ ಒಡೆಯರು ಅಧಿಕೃತ ಪರವಾನಗಿ ಕೊಟ್ಟದ್ದು ೨೦೨೪ರ ಜನವರಿಯಲ್ಲಿ. ಹನ್ನೊಂದು ವರ್ಷಗಳ ತರುವಾಯ ಕೊಟ್ಟುದನ್ನು ಮೊದಲ ದಿನವೇ ಕೊಟ್ಟಿದ್ದರೆ ಒಡೆಯರಿಗೆ ಆಗುತ್ತಿದ್ದ ನಷ್ಟವೇನು?

ಈ ಪ್ರಶ್ನೆಯನ್ನು ಈಗ ಯೂರೋಪಿನ ಪ್ರಜೆಗಳೂ ಎತ್ತಿದ್ದಾರೆ. ದಿ ಕ್ರ್ಯೂ ಎಂಬ ಮೋಟಾರು ಓಟದ ಆಟವನ್ನು ೨೦೨೪ರ ಮಾರ್ಚ್ ೩೧ರಂದು ಮುಚ್ಚಿದಾಗ, ಹಣ ಕೊಟ್ಟು ಕೊಂಡವರಿಗೂ ಅದು ಆಡಲು ಬಾರದಂತಾಯಿತು. ಇದರಿಂದ ಹುಟ್ಟಿದ ಚಳವಳಿಯ ಮನವಿಗೆ ೨೦೨೫ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಒಡೆಯರು ಎಂದೆಂದಿಗೂ ಸರ್ವರ್ ನಡೆಸಬೇಕೆಂದು ಕೇಳುವುದು ನ್ಯಾಯವಲ್ಲ. ವಿದ್ಯುತ್ತಿಗೂ ನಿರ್ವಹಣೆಗೂ ಹಣ ಬೇಕು. ಆದರೆ ಅಂಗಡಿ ಮುಚ್ಚುವವನು ಬೀಗದ ಕೈಯನ್ನು ಒಳಗಿರುವವರಿಗೆ ಕೊಟ್ಟು ಹೋಗಲಿ, ಕಾನೂನೂ ಹಾಗೆಯೇ ವಿಧಿಸಲಿ ಎಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಮೈಸೂರಿನ ಇತಿಹಾಸವೇ ಈ ಅಭಿಪ್ರಾಯಕ್ಕೆ ಬೆಂಬಲ ಕೊಡುತ್ತದೆ. ನಂಜನಗೂಡಿನ ದೇವಾಲಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ವಿಗ್ರಹವನ್ನು ಅನೇಕರು ನೋಡಿರಬಹುದು. ಅವರು ದೊಡ್ಡ ಆಟಪ್ರಿಯರು. ಚದುರಂಗದ ಕುದುರೆಯು ಒಂದು ಮನೆಯನ್ನೂ ಎರಡು ಸಲ ತುಳಿಯದೆ ೬೪ ಮನೆಗಳನ್ನೂ ಸುತ್ತಿಬರುವ ಬಗೆಗಳನ್ನು ರಚಿಸಿದರು. ನೂರಾರು ಎಲೆಗಳ ಗಂಜೀಫ ಆಟಗಳನ್ನು ಕಲ್ಪಿಸಿದರು. ಆ ಎಲೆಗಳ ಚಿತ್ರಕಲೆಯು ಅದ್ಭುತ. ಆದರೆ ಇಂದು ಅವುಗಳಲ್ಲಿ ಆಡುವವರು ಎಲ್ಲಿದ್ದಾರೆ? ಅವು ಬಹುಮಟ್ಟಿಗೆ ಸಂಗ್ರಹಾಲಯ ಸೇರಿವೆ. ಅದೇ ವೇಳೆಗೆ ಒಡೆಯನಿಲ್ಲದ ಚೌಕಾಬಾರ, ಅಳಗುಳಿಮಣೆಗಳು ಇನ್ನೂ ಹಳ್ಳಿಯ ಜಗಲಿಗಳಲ್ಲಿ ಉಸಿರಾಡುತ್ತಿವೆ. ಕವಡೆ ಸಿಕ್ಕದಿದ್ದರೆ ಹುಣಿಸೆಬೀಜವನ್ನು ಉಜ್ಜಿಕೊಂಡು ಆಡಬಹುದು; ಯಾರ ಅಪ್ಪಣೆಯೂ ಬೇಕಿಲ್ಲ. ಅಗ್ಗವಾಗಿದ್ದು, ಯಾರು ಬೇಕಾದರೂ ಮತ್ತೆ ಕಟ್ಟಿಕೊಳ್ಳಬಹುದಾದ ಆಟವೇ ಬಹುಕಾಲ ಬಾಳುತ್ತದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಕ್ರೀಡಾ ಕೌಶಲ್ಯವೆಂಬ ಪ್ರದರ್ಶನಗಳ ಮೂಲಕ ಇಂತಹ ಹಳೆಯ ಮಣೆಯಾಟಗಳನ್ನು ಮತ್ತೆ ಜನರ ಕೈಗೆ ತಂದಿದೆ. ಗಾಜಿನ ಪೆಟ್ಟಿಗೆಯೊಳಗೆ ನೋಡುವುದಕ್ಕಿಂತ ಕೈಯಲ್ಲಿ ಹಿಡಿದು ಆಡುವುದರಿಂದಲೇ ಆಟ ಉಳಿಯುವುದೆಂದು ಇದರಿಂದ ತಿಳಿಯುತ್ತದೆ.

ಓದಿನ ಹೊತ್ತನ್ನು ಆಟವು ನುಂಗುತ್ತದೆಂಬ ಆಕ್ಷೇಪಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಜೊತೆಗಾರರಿಗಾಗಿ ದಿನವೂ ಕಾಯುತ್ತ ಹೊತ್ತು ಕಳೆಯುವುದಕ್ಕಿಂತ ವಾರಕ್ಕೊಮ್ಮೆ ಗೊತ್ತಾದ ಎರಡು ಗಂಟೆ ಆಡುವುದು ಓದಿಗೂ ಕ್ಷೇಮ, ಕೂಟಕ್ಕೂ ಕ್ಷೇಮ. ಅಷ್ಟೇ ಅಲ್ಲ, ಸರ್ವರೊಂದನ್ನು ತಾವೇ ನಡೆಸಲು ಕಲಿತ ವಿದ್ಯಾರ್ಥಿಗಳು ಜಾಲದ ವಿಳಾಸ, ಸುದ್ದಿಯ ಹರಿವು, ಸಂಭಾವ್ಯತೆ ಇವುಗಳನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅರಿಯುತ್ತಾರೆ.

ಎಲ್ಲ ಆಟಗಳೂ ಚಿರಂಜೀವಿಗಳಾಗಬೇಕೆಂದು ನಾವು ಹೇಳುವುದಿಲ್ಲ. ಆಡುವ ಮನಸ್ಸೇ ಹೋದ ಆಟವು ಗೌರವದಿಂದ ಮುಗಿಯಲಿ. ಅದರ ನಿಯಮಗಳನ್ನೂ ಚಿತ್ರಗಳನ್ನೂ ಯಾರಾದರೂ ಬರೆದಿಡಲಿ. ಮನಸ್ಸಿದ್ದೂ ಜೊತೆ ಸಿಕ್ಕದೆ ಸಾಯುವ ಆಟವನ್ನು ಮಾತ್ರ ಸಾಯಗೊಡಬಾರದು. ನಿಮ್ಮ ಕೂಟದಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೆಂದು ಎಣಿಸಿರಿ. ಅವರಿಗೆಲ್ಲ ಒಪ್ಪುವ ಒಂದು ದಿನವನ್ನೂ ಒಂದು ಗಂಟೆಯನ್ನೂ ಗೊತ್ತುಮಾಡಿರಿ. ಮೊದಲ ದಿನ ಬರುವಾಗ ಪ್ರತಿಯೊಬ್ಬರೂ ಆಟ ಬಾರದ ಒಬ್ಬರನ್ನು ಜೊತೆಗೆ ಕರೆತನ್ನಿರಿ.