ವಿಳಾಸ ತಪ್ಪಿದ ಮಾತು

ನಮ್ಮ ಹೊನ್ನಾವರ ಕಡೆಯ ಮನೆಗಳಲ್ಲಿ ನೆಂಟರು ಮೆಟ್ಟಿಲು ಹತ್ತಿದರೆ ಮೊದಲು ಕೇಳುವುದು ‘ಆಸರಿಗೆ ಎಂತ ಬೇಕು’ ಎಂದು. ಅದು ಮುಗಿದ ಮೇಲೆ ಕವಳದ ಹರಿವಾಣ ಬರುತ್ತದೆ. ನಿಜವಾದ ಮಾತು ಶುರುವಾಗುವುದು ಅಲ್ಲಿಂದ. ಅಡಿಕೆ ಕತ್ತರಿಸುವಾಗ ಮಳೆಯ ವಿಷಯ, ಎಲೆಯ ತೊಟ್ಟು ಚಿವುಟುವಾಗ ಅಡಿಕೆಯ ಧಾರಣೆ, ಸುಣ್ಣ ಸವರುವಾಗ ಯಾರದೋ ಮನೆಯ ಪಾಲುಪಟ್ಟಿಯ ತಂಟೆ. ಕವಳ ಬಾಯಿಗೆ ಬಿದ್ದ ಮೇಲೆ ‘ಹ್ಞೂಂ’, ‘ಹ್ಞಾಂ’ ಮತ್ತು ಕತ್ತು ಮೇಲೆತ್ತಿ ಆಡುವ ಒಂದು ಬಗೆಯ ನೀರುಮಾತು. ಹೊರಗಿನವರಿಗೆ ಅರ್ಥವಾಗುವುದಿಲ್ಲ, ನಮಗೆ ಆಗುತ್ತದೆ.

ಈ ಹರಿವಾಣ ಓಡಾಡುತ್ತಿದ್ದದ್ದು ಜಗಲಿಯಲ್ಲಿ, ಗಂಡಸರ ನಡುವೆ. ಅಮ್ಮಮ್ಮನೂ ಕವಳ ಹಾಕುತ್ತಿದ್ದಳು, ಆದರೆ ಅದು ಒಳಗೆ, ಒಲೆಯ ಬದಿಯಲ್ಲಿ. ಅಜ್ಜ ಅವಳೊಡನೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡ ನೆನಪಿಲ್ಲ. ಅವರಿಬ್ಬರ ನಡುವಿನ ರಾಯಭಾರಿ ನಾನು. ‘ಅಪ್ಪಿ, ನಾಳೆ ಕುಮಟೆಗೆ ಹೋಗ್ತ್ರಾ ಕೇಳು ಅಜ್ಜನ ಹತ್ರ’ ಎಂದು ಅವಳು ಬಾಗಿಲ ಸಂದಿಯಿಂದ ಹೇಳುವಳು. ಮೂರು ಮಾರು ದೂರದಲ್ಲಿ ಕೂತ ಅಜ್ಜನಿಗೆ ಅದು ಸ್ಪಷ್ಟವಾಗಿ ಕೇಳಿರುತ್ತಿತ್ತು. ಆದರೂ ನಾನು ಹೋಗಿ ಇನ್ನೊಮ್ಮೆ ಹೇಳುವವರೆಗೆ ಅವನ ಮುಖದಲ್ಲಿ ಏನೂ ಕೇಳಿದ ಗುರುತಿಲ್ಲ. ‘ಹೋಗ್ತಿ ಹೇಳು’ ಎಂದು ಅವನು ನನಗೆ ಹೇಳಿದ್ದು ಅವಳಿಗೂ ಕೇಳುತ್ತಿತ್ತು. ಆದರೂ ನಾನು ಒಳಗೆ ಓಡಲೇಬೇಕು. ಸಿಟ್ಟು ಬಂದ ದಿನ ಅವಳು ಏನೂ ಹೇಳುತ್ತಿರಲಿಲ್ಲ. ಅಜ್ಜನ ಹರಿವಾಣದಿಂದ ಹೊಗೆಸೊಪ್ಪು ಕಾಣೆಯಾಗಿರುತ್ತಿತ್ತು, ಅಷ್ಟೇ.

ಗಾಂಜಾ ಬಗ್ಗೆ ಬರೆಯಬೇಕೆಂದು ಕೂತವನು ಕವಳಕ್ಕೆ ಹೋದದ್ದು ದಾರಿ ತಪ್ಪಿ ಅಲ್ಲ. ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ‘ಗಾಂಜಾ ಸೇವನೆ: ಇಬ್ಬರ ಮೇಲೆ ಪ್ರಕರಣ’ ಎಂಬ ಸಣ್ಣ ಸುದ್ದಿ ಈಗ ಮೀನಿನ ದರದಷ್ಟೇ ಮಾಮೂಲು. ಊರಿನ ಹೆಸರು ಮಾತ್ರ ಬದಲಾಗುತ್ತದೆ: ಒಮ್ಮೆ ಗೋಕರ್ಣ, ಒಮ್ಮೆ ಕುಮಟಾ, ಇನ್ನೊಮ್ಮೆ ಭಟ್ಕಳ. ಓದಿದವರು ‘ಗೋಕರ್ಣಕ್ಕೆ ಬಿಳಿಯರು ಬಂದು ಹಾಳಾಯಿತು’ ಎನ್ನುತ್ತಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಗೋವಾದಿಂದ ಕೂಡ್ಲೆ, ಓಂ ಕಡಲತೀರಕ್ಕೆ ದಾರಿ ಹತ್ತಿರವಾದದ್ದು ಖರೆ. ಆದರೆ ಸೊಪ್ಪು ಅವರ ಚೀಲದಲ್ಲಿ ಮೊದಲ ಬಾರಿ ಬಂದಿಳಿಯಿತು ಎಂಬುದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಳ್ಳುವ ಕತೆ. ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಭಂಗಿಯ ಮೇಲೊಂದು ಅಧ್ಯಾಯವಿದೆ. ತನ್ನ ಆಳುಗಳು ಕದ್ದು ಸೇವಿಸುತ್ತಾರೆ, ದಣಿವು ಗೊತ್ತಾಗುವುದಿಲ್ಲ, ಖುಷಿಯಾಗುತ್ತದೆ, ಹಸಿವು ಹೆಚ್ಚುತ್ತದೆ ಎನ್ನುತ್ತಾರೆ ಎಂದು ಬರೆದಿದ್ದಾನೆ. ಆಯುರ್ವೇದದಲ್ಲಿ ಅದೇ ಗಿಡಕ್ಕೆ ವಿಜಯಾ ಎಂದು ಹೆಸರು. ಯಾದಗಿರಿ ಜಿಲ್ಲೆಯ ತಿಂಥಣಿ ಜಾತ್ರೆಯಲ್ಲಿ ಭಕ್ತರು ಅದನ್ನು ಪ್ರಸಾದವೆಂದು ಸೇದುತ್ತಾರೆ. ಅಲ್ಲಿಯ ದೇವರ ಹೆಸರು ಮೌನೇಶ್ವರ. ಹೆಸರಿಟ್ಟವರಿಗೆ ಸೇದುವವರ ಸ್ವಭಾವ ಗೊತ್ತಿತ್ತೇನೋ.

ನಾನೂ ಒಮ್ಮೆ ಎಳೆದವನೇ. ಕಾಲೇಜಿನ ಕಡೆಯ ವರ್ಷ, ಕೂಡ್ಲೆಯ ಮರಳಿನ ಮೇಲೆ ಆರು ಜನ ಸುತ್ತ ಕೂತಿದ್ದೆವು. ಚಿಲುಮೆ ಕೈಯಿಂದ ಕೈಗೆ ಹೋಗುವ ರೀತಿ ಕಂಡು ನನಗೆ ತಕ್ಷಣ ನೆನಪಾದದ್ದು ಅಜ್ಜನ ಹರಿವಾಣ. ಒಬ್ಬ ತುಂಬುತ್ತಾನೆ, ಒಬ್ಬ ಒದ್ದೆ ಬಟ್ಟೆ ಸುತ್ತುತ್ತಾನೆ, ಒಬ್ಬ ಕಡ್ಡಿ ಗೀರುತ್ತಾನೆ. ಕೈಗೊಂದು ಕೆಲಸ ಸಿಕ್ಕಿತೆಂದರೆ ಗಂಡಸಿನ ನಾಲಿಗೆ ಸಡಿಲವಾಗುತ್ತದೆ. ಮೊದಲ ಎಳೆತಕ್ಕೆ ಕೆಮ್ಮು, ಎರಡನೆಯದಕ್ಕೆ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತು. ಮೂರನೆಯ ಸುತ್ತಿನ ಹೊತ್ತಿಗೆ ನಾನು ಒಬ್ಬ ಹುಡುಗಿಯ ಬಗ್ಗೆ ಮಾತಾಡತೊಡಗಿದ್ದೆ. ಎರಡು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿ ‘ಟಿಕೆಟ್ ತಗಂಡ್ರಾ’ ಎಂಬುದಕ್ಕಿಂತ ಹೆಚ್ಚು ಕೇಳಿರದ ಹುಡುಗಿ. ಅವಳಿಗೆ ಹೇಳಬೇಕಾದದ್ದನ್ನೆಲ್ಲ ಆ ಐದು ಜನರಿಗೆ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆನಂತೆ, ಒಬ್ಬ ಕಣ್ಣೊರೆಸಿಕೊಂಡನಂತೆ. ಬೆಳಿಗ್ಗೆ ಎದ್ದಾಗ ಮನಸ್ಸು ಹಗುರವಾಗಿತ್ತು, ಹೇಳುವುದು ಮುಗಿಯಿತು ಅನ್ನಿಸಿತ್ತು. ಅವಳಿಗೆ ಮಾತ್ರ ಇಂದಿಗೂ ಗೊತ್ತಿಲ್ಲ.

ನಶೆಯ ಮೇಲೆ ನನ್ನ ತಕರಾರು ಇದೊಂದೇ. ಆರೋಗ್ಯದ ಮಾತು ಬೇರೆ ಇದೆ, ಇಲ್ಲವೆನ್ನುವುದಿಲ್ಲ. ಎಳೆಯ ವಯಸ್ಸಿನಲ್ಲಿ ಹಿಡಿದರೆ ಚಿತ್ತ ಕೆಡುವ ಅಪಾಯ ಹೆಚ್ಚು ಎಂದು ಮನೋವೈದ್ಯರು ಹೇಳುತ್ತಲೇ ಬಂದಿದ್ದಾರೆ. ಹಾಗೆ ನೋಡಿದರೆ ನಮ್ಮ ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. (ತೋಟದವರು ಸಿಟ್ಟಾಗಬೇಡಿ, ಇದನ್ನು ಬರೆಯುವಾಗಲೂ ಬಾಯಲ್ಲಿ ಒಂದು ಹೋಳಿದೆ.) ಗಾಂಜಾ ಮನುಷ್ಯನ ಮನಸ್ಸು ಬಿಚ್ಚುತ್ತದೆ ಎಂದು ಹೊಗಳುವವರನ್ನು ನಾನು ಕೇಳುವುದಿಷ್ಟೇ: ಯಾರ ಎದುರು?

ಥಾಮಸ್ ಬೌರಿ ಎಂಬ ಇಂಗ್ಲಿಷ್ ನಾವಿಕನದೊಂದು ಪ್ರಸಂಗವಿದೆ. 1670ರ ದಶಕದಲ್ಲಿ ಬಂಗಾಳ ಕೊಲ್ಲಿಯ ತೀರದಲ್ಲಿದ್ದಾಗ ಅವನೂ ಅವನ ಎಂಟು ಹತ್ತು ಸಂಗಡಿಗರೂ ಭಂಗಿ ಕುಡಿದು ನೋಡಿದರು. ಊರವರು ಕಂಡರೆ ಮಾನ ಹೋಗುತ್ತದೆಂದು ಮೊದಲೇ ಕಿಟಕಿ ಬಾಗಿಲು ಮುಚ್ಚಿಸಿದ್ದರು. ಒಬ್ಬ ನೆಲದ ಮೇಲೆ ಕೂತು ಮಧ್ಯಾಹ್ನವಿಡೀ ಅತ್ತ. ಇನ್ನೊಬ್ಬ ಹೆದರಿ ದೊಡ್ಡ ಹಂಡೆಯಂಥ ಜಾಡಿಯೊಳಗೆ ತಲೆ ಹಾಕಿ ನಾಲ್ಕು ಗಂಟೆ ಹಾಗೇ ಇದ್ದ. ಮತ್ತೊಬ್ಬ ಮರದ ಕಂಬದ ಜೊತೆ ಜಗಳಕ್ಕೆ ನಿಂತು ಬೆರಳ ಗೆಣ್ಣಿನ ಚರ್ಮ ಕಿತ್ತುಕೊಂಡ. ನಾಲ್ಕೈದು ಜನ ಜಮಖಾನೆಯ ಮೇಲೆ ಬಿದ್ದುಕೊಂಡು ಒಬ್ಬರನ್ನೊಬ್ಬರು ಹೊಗಳಿಕೊಂಡರು, ಪ್ರತಿಯೊಬ್ಬನಿಗೂ ತಾನೇ ಚಕ್ರವರ್ತಿ. ಬೌರಿ ಮೂರು ಗಂಟೆ ಬೆವರುತ್ತ ಕೂತಿದ್ದ. ಮನುಷ್ಯ ಸ್ವಭಾವದ ಬಗ್ಗೆ ಇಷ್ಟು ಕಡಿಮೆ ಸಾಲುಗಳಲ್ಲಿ ಇಷ್ಟೊಂದು ಹೇಳಿದ ಬರಹ ನಾನು ಹೆಚ್ಚು ಓದಿಲ್ಲ. ಜಮಖಾನೆಯ ಚಕ್ರವರ್ತಿಗಳ ಮಟ್ಟಿಗೆ ಹೇಳುವುದಾದರೆ, ನಮ್ಮ ಸನ್ಮಾನ ಸಮಾರಂಭಗಳು ಭಂಗಿಯಿಲ್ಲದೆಯೂ ಅದನ್ನು ಸಾಧಿಸಿವೆ. ನನಗೆ ಮುಖ್ಯವೆನಿಸುವುದು ಬೇರೆ. ಕಂಬದೊಡನೆ ಜಗಳ, ಜಾಡಿಯೊಡನೆ ಗುಟ್ಟು. ಒಬ್ಬನಾದರೂ ಪಕ್ಕದವನ ಮಾತು ಕೇಳಿಸಿಕೊಂಡಂತೆ ಕಾಣುವುದಿಲ್ಲ.

ಕಾನೂನಿನ ಬಗ್ಗೆಯೂ ಹೇಳಿಬಿಡುತ್ತೇನೆ, ಅಭಿಪ್ರಾಯ ಬಚ್ಚಿಟ್ಟು ಅಂಕಣ ಬರೆಯಬಾರದು. ಬ್ರಿಟಿಷ್ ಸರ್ಕಾರ 1893ರಲ್ಲಿ ಒಂದು ಆಯೋಗ ನೇಮಿಸಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು. ಹಿತಮಿತವಾಗಿ ಸೇವಿಸುವುದರಿಂದ ಹೇಳಿಕೊಳ್ಳುವ ಕೇಡಿಲ್ಲ, ಪೂರ್ತಿ ನಿಷೇಧ ಬೇಡ ಎಂದಿತು ಆ ವರದಿ. 1985ರಲ್ಲಿ ನಮ್ಮ ಸಂಸತ್ತು ಮಾದಕ ವಸ್ತುಗಳ ಕಾಯ್ದೆ ತಂದಾಗ ಹೂವಿನ ತೆನೆಯನ್ನು ಗಾಂಜಾ ಎಂದು ನಿಷೇಧಿಸಿತು, ಬರಿಯ ಎಲೆ ಮತ್ತು ಬೀಜವನ್ನು ಹೊರಗಿಟ್ಟಿತು. ಹಾಗಾಗಿ ಕಾಶಿಯಲ್ಲಿ ಸರ್ಕಾರಿ ಪರವಾನಗಿಯ ಭಾಂಗ್ ಅಂಗಡಿಯಿದೆ, ಕುಮಟೆಯಲ್ಲಿ ಚಿಟಿಕೆ ಸೊಪ್ಪಿಗೆ ಕೇಸು. ಸೇದಿದ ತಪ್ಪಿಗೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಾರುವವನನ್ನು ಹಿಡಿಯಲಿ. ಸೇದಿ ಸಿಕ್ಕಿಬಿದ್ದ ಇಪ್ಪತ್ತರ ಹುಡುಗನನ್ನು ಠಾಣೆಯಲ್ಲಿ ಕೂರಿಸಿದರೆ ಅವನು ಮಾತು ಕಲಿಯುವುದಿಲ್ಲ, ಇದ್ದದ್ದನ್ನೂ ಮರೆಯುತ್ತಾನೆ. ಇನ್ನು ಮದ್ಯದ ಲೆಕ್ಕ ನೋಡಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಗಂಡಸರಲ್ಲಿ ನೂರಕ್ಕೆ 27 ಜನ ಕುಡಿಯುತ್ತಾರೆ, ಹೆಂಗಸರಲ್ಲಿ ಇಬ್ಬರೂ ಪೂರ್ತಿಯಾಗಿ ಇಲ್ಲ. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿಸಿದರೂ ಒಟ್ಟು ಜನರಲ್ಲಿ ನೂರಕ್ಕೆ ಮೂರು ಮುಟ್ಟುವುದಿಲ್ಲ.

ಹೆಂಗಸರಿಗೆ ಚಿಲುಮೆ ಇರಲಿಲ್ಲ, ಬೀಸುವ ಕಲ್ಲಿತ್ತು. ಕುಮಟೆಯ ಜಾನಪದ ವಿದ್ವಾಂಸ ಎಲ್. ಆರ್. ಹೆಗಡೆಯವರು ಊರೂರು ಅಲೆದು ಹೆಂಗಸರ ಬಾಯಿಂದ ಬರೆದುಕೊಂಡ ಹಾಡುಗಳನ್ನು ಓದಿದರೆ ತಿಳಿಯುತ್ತದೆ, ಗಂಡನಿಗೆ ಹೇಳಲಾಗದ ಎಷ್ಟು ಮಾತನ್ನು ಅವರು ಕಲ್ಲಿಗೆ ಹೇಳಿದ್ದಾರೆಂದು. ತವರಿನ ನೆನಪು, ಅತ್ತೆಯ ಕಾಟ, ಬೇರೆ ಕಡೆ ಹೋದ ಗಂಡನ ಮನಸ್ಸು, ಎಲ್ಲ ಹಿಟ್ಟಿನ ಜೊತೆ ಉದುರಿದೆ. ಬೆಳಗಿನ ಜಾವದ ಆ ದನಿ ಜಗಲಿಯಲ್ಲಿ ಮಲಗಿದ್ದ ಗಂಡಸಿಗೆ ಕೇಳದೆ ಇರುತ್ತದೆಯೇ? ಕೇಳುತ್ತದೆ. ಆದರೆ ಹಾಡಲ್ಲವೇ, ಉತ್ತರ ಕೊಡಬೇಕಾಗಿಲ್ಲ. ಈ ಕಟ್ಟಳೆಯನ್ನು ಮುರಿದವರಲ್ಲಿ ಒಬ್ಬರು ನೆರೆಯ ಅಂಕೋಲೆಯ ಬಡಗೇರಿಯ ಹಾಲಕ್ಕಿ ಅಜ್ಜಿ ಸುಕ್ರಿ ಬೊಮ್ಮಗೌಡ. ಸಾವಿರಾರು ಹಾಡು ಬಲ್ಲವರಾಗಿದ್ದ, 2017ರಲ್ಲಿ ಪದ್ಮಶ್ರೀ ಪಡೆದ, 2025ರಲ್ಲಿ ತೀರಿಕೊಂಡ ಈಕೆ ಮನೆಯೊಳಗೇ ಕುಡಿತದ ಪೆಟ್ಟು ತಿಂದವರು. ಹಾಡಿ ಸುಮ್ಮನಾಗದೆ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಬೀದಿಗೆ ಬಂದರು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ ಒಂದರಿಂದ. ಅಷ್ಟು ಹೊತ್ತಿಗೆ ಗಂಡಸರು ಬಾಟಲಿಗೆ ಬಡ್ತಿ ಪಡೆದಿದ್ದರು, ಆ ಮಾತು ಬೇರೆ.

ಗಂಡು ಹೆಣ್ಣು ಎದುರುಬದುರು ನಿಂತು ಗಂಟೆಗಟ್ಟಲೆ ಮಾತಾಡುವ ಜಾಗ ನಮ್ಮಲ್ಲಿ ಒಂದೇ ಒಂದಿತ್ತು, ಯಕ್ಷಗಾನದ ರಂಗಸ್ಥಳ. ಅಲ್ಲಿಯೂ ಹೆಣ್ಣು ಗಂಡೇ! ಚಿಟ್ಟಾಣಿಯವರ ಭಸ್ಮಾಸುರ ಮೋಹಿನಿಯನ್ನು ಕಂಡು ಕಣ್ಣು ಮಿಟುಕಿಸಿದರೆ ಮುಂದಿನ ಸಾಲಿನ ಗಂಡಸರು ಶಿಳ್ಳೆ ಹೊಡೆಯುವರು. ಹಿಂದೆ ಚಾಪೆಯ ಮೇಲೆ ಕೂತ ಹೆಂಗಸರು ಸೆರಗು ಬಾಯಿಗಿಟ್ಟು ನಗುವುದು ಯಾವುದಕ್ಕೆಂದು ನನಗೆ ಬಹಳ ಕಾಲ ತಿಳಿದಿರಲಿಲ್ಲ. ಸೀರೆಯುಟ್ಟ ಗಂಡಸು ಹೆಂಗಸಿನ ಮನಸ್ಸಿನ ಮಾತನ್ನು ಇಷ್ಟು ನಿರರ್ಗಳ ಆಡುತ್ತಾನಲ್ಲ, ಮನೆಗೆ ಹೋದ ಮೇಲೆ ಎಲ್ಲಿ ಇಡುತ್ತಾನೆ ಇದನ್ನೆಲ್ಲ ಎಂದಿರಬಹುದು. ಲವಕುಶದ ಪ್ರಸಂಗ ಬಂದಾಗಲಂತೂ ನನಗೆ ನಮ್ಮ ಜಗಲಿಯೇ ಕಾಣುತ್ತದೆ. ಬಸುರಿ ಹೆಂಡತಿಯನ್ನು ಕಾಡಿಗೆ ಬಿಡಬೇಕೆಂದು ನಿಶ್ಚಯಿಸಿದ ರಾಮ ಅದನ್ನು ಸೀತೆಗೆ ತಾನೇ ಹೇಳುವುದಿಲ್ಲ, ತಮ್ಮನ ಕೈಲಿ ಹೇಳಿಸುತ್ತಾನೆ. ಲಕ್ಷ್ಮಣನ ಪಾಡು ನನಗೆ ಚೆನ್ನಾಗಿ ಗೊತ್ತು, ಹತ್ತು ವರ್ಷ ಅದೇ ಕೆಲಸ ಮಾಡಿದವನು ನಾನು. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ಕೊನೆಯ ಬಾರಿ ಬಣ್ಣ ಹಚ್ಚಿದ್ದೂ ಆ ರಾಮನಿಗೇ.

ಇನ್ನು ಭಟ್ಕಳ. ದುಬೈಗೆ ಹೋದ ಗಂಡ ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಗೆ ಬರುವ ಊರು. ಅಲ್ಲಿಯ ನವಾಯತ ಗೆಳೆಯನೊಬ್ಬ ಹೇಳಿದ್ದು: ಫೋನು ದುಬಾರಿಯಿದ್ದ ಕಾಲದಲ್ಲಿ ಅವನ ತಾಯಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಹೋಗಿಬರುವವರ ಕೈಲಿ ಕಳಿಸುತ್ತಿದ್ದರು. ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿದರೆ ಒಂದು ಬದಿ ತುಂಬುವವರೆಗೆ ಮಾತು. ಮಕ್ಕಳ ಜ್ವರ, ನಾದಿನಿಯ ನಿಕಾಹ್, ಮಲ್ಲಿಗೆಯ ದರ, ನಡುವೆ ತಗ್ಗಿದ ದನಿಯಲ್ಲಿ ಬಾಗಿಲಾಚೆ ಕೇಳಿಸದ ಏನೋ. ಅಷ್ಟು ಮಾತಾಡುತ್ತಿದ್ದವರು ಗಂಡ ರಜೆಗೆ ಬಂದಾಗ ದಸ್ತರ್‌ಖಾನಿನ ಆಚೆ ಈಚೆ ಸುಮ್ಮನೆ ಕೂತಿರುತ್ತಿದ್ದರಂತೆ. ಒಂದು ರಾತ್ರಿ ತಾಯಿ ಎದ್ದು ಹೋಗಿ ಟೇಪ್‌ರೆಕಾರ್ಡರು ತಂದು ಇಬ್ಬರ ನಡುವೆ ಇಟ್ಟರು. ಗುಂಡಿ ಒತ್ತಲಿಲ್ಲ. ಅಪ್ಪ ನಕ್ಕಷ್ಟು ಜೋರಾಗಿ ಇನ್ನೆಂದೂ ನಕ್ಕದ್ದು ಕೇಳಿಲ್ಲ ಎಂದ ಗೆಳೆಯ. ಮರಳಿನ ಮೇಲೆ ನಾವು ಆರು ಜನ ಸುತ್ತಿಸಿದ ಚಿಲುಮೆಗಿಂತ ಆ ಪೆಟ್ಟಿಗೆ ಮೇಲು. ಏಕೆಂದರೆ ಅದರ ಕ್ಯಾಸೆಟ್ಟಿಗೆ ವಿಳಾಸವಿತ್ತು.

ಈ ಕರಾವಳಿಯ ಹೆಂಗಸರು ಮಾತು ಬಾರದವರೇನಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಇಲ್ಲಿ ಗಂಡು ಮಕ್ಕಳಿಗೆ 23, ಹೆಣ್ಣು ಮಕ್ಕಳಿಗೆ 13 ಶಾಲೆ ನೋಡಿದ್ದಾಗಿ ಬರೆದಿದ್ದಾನೆ. ಇಲ್ಲಿಯ ಹೆಂಗಸರಿಗೆಲ್ಲ ಕುರಾನ್ ಬಾಯಿಪಾಠವಂತೆ. ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲ ಎಂದು ಬೆರಗಾಗಿದ್ದಾನೆ. ಕಲಿತ ಆ ಹೆಂಗಸರ ಜೊತೆ ಅವರ ಗಂಡಂದಿರು ಊಟದ ಹೊತ್ತಿಗೆ ಏನು ಮಾತಾಡುತ್ತಿದ್ದರೋ ಅದನ್ನು ಮಾತ್ರ ಅವನು ಬರೆದಿಡಲಿಲ್ಲ.

ಹೈಸ್ಕೂಲಿಗೆಂದು ನಾನು ಕುಮಟೆಯ ದೊಡ್ಡಪ್ಪನ ಮನೆ ಸೇರಿದಾಗ ಅಜ್ಜ, ಅಮ್ಮಮ್ಮ ಇಬ್ಬರೇ ಉಳಿದರು. ನನಗೆ ಅದೇ ಯೋಚನೆ: ನಡುವೆ ನಾನಿಲ್ಲ, ಹೇಗೆ ನಡೆಯುತ್ತದೆ ಇವರದು? ದೀಪಾವಳಿ ರಜೆಗೆ ಬಂದವನು ಚೀಲ ಇಳಿಸುವ ಮೊದಲೇ ಕೇಳಿದೆ. ಅಮ್ಮಮ್ಮ ಅಡಿಕೆ ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ.

‘ಬೆಕ್ಕು ಇತ್ತಲಾ’ ಎಂದಳು. ‘ಅದ್ರ ಹತ್ರ ಹೇಳ್ತಿದ್ದಿ. ಅವಕ್ಕೆ ಕೇಳ್ತಿತ್ತು.’