ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಮತ್ತು ನಮ್ಮ ಮನೆಯ ಬಲ್ಬ್ ಹೋಲ್ಡರ್

ಪ್ರತಿ ವರ್ಷ ಕಾಲೇಜು ಪ್ರವೇಶದ ಕಾಲ ಬಂತೆಂದರೆ ಹಳೆಯ ವಿದ್ಯಾರ್ಥಿಗಳಿಂದಲೂ ಬಂಧುಗಳಿಂದಲೂ ನನಗೆ ತಪ್ಪದೆ ಬರುವ ಪ್ರಶ್ನೆಯೊಂದಿದೆ: "ಸರ್, ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಯಾವ ಲ್ಯಾಪ್‌ಟಾಪ್ ಕೊಡಿಸಲಿ?" ವಿಜ್ಞಾನ ಕಲಿಸಿದ ಮೇಷ್ಟ್ರಿಗೆ ಇದೆಲ್ಲವೂ ತಿಳಿದಿರುತ್ತದೆ ಎಂಬುದು ಅವರ ಪ್ರೀತಿಯ ನಂಬಿಕೆ. ಈಚೆಗೆ ಆ ಪ್ರಶ್ನೆಗೊಂದು ಬಾಲವೂ ಸೇರಿಕೊಂಡಿದೆ: "ಈಗ ಚಿಕ್ಕ ಗ್ರಾಫಿಕ್ಸ್ ಕಾರ್ಡ್ ಇರುವುದನ್ನೇ ಕೊಳ್ಳುತ್ತೇವೆ. ಎರಡು ವರ್ಷ ಬಿಟ್ಟು ಕೈಯಲ್ಲಿ ಹಣವಿದ್ದಾಗ ದೊಡ್ಡದನ್ನು ಹಾಕಿಸಿದರಾಯಿತಲ್ಲವೇ?"

ಇಲ್ಲ, ಹಾಗೆ ಆಗದು. ಮಾರುಕಟ್ಟೆಯಲ್ಲಿರುವ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅದು ಹುಟ್ಟಿನಿಂದ ಬಂದ ಅಂಗ, ತೊಟ್ಟು ಬಿಚ್ಚುವ ಅಂಗಿಯಲ್ಲ. ಹೀಗೇಕೆ, ಹೀಗೆಯೇ ಇರಬೇಕೇ ಎಂಬುದನ್ನು ಒಮ್ಮೆ ಕೂತು ವಿಚಾರಿಸೋಣವೆಂದು ಈ ಲೇಖನ.

ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಯ ಮೇಲಿನ ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ಲೆಕ್ಕ ಹಾಕಿ ಮೂಡಿಸುವ ಭಾಗ. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವುದು ಅದರ ವೈಶಿಷ್ಟ್ಯ. ಆದ್ದರಿಂದಲೇ ಆಟವಾಡುವ ಹುಡುಗರಿಗೆ ಮಾತ್ರವಲ್ಲದೆ ಕಟ್ಟಡದ ನಕ್ಷೆ ಬರೆಯುವವರಿಗೆ, ಅನಿಮೇಷನ್ ಮಾಡುವವರಿಗೆ, ಕೃತಕ ಬುದ್ಧಿಮತ್ತೆಯನ್ನು ಅಭ್ಯಸಿಸುವವರಿಗೆ ಕೂಡ ಅದು ಬೇಕು. ಕಂಪ್ಯೂಟರಿನಲ್ಲಿ ಬಹುಬೇಗ ಹಳತಾಗುವ ಭಾಗವೂ ಅದೇ. ಪರದೆ, ಕೀಲಿಮಣೆ, ಹೊರಕವಚ ಇವೆಲ್ಲ ಏಳೆಂಟು ವರ್ಷ ಬಾಳಬಲ್ಲವು. ಆದರೆ ಮೂರನೆಯ ವರ್ಷಕ್ಕೇ ಹೊಸ ತಂತ್ರಾಂಶವು ಹೆಚ್ಚು ಶಕ್ತಿಯ ಗ್ರಾಫಿಕ್ಸ್ ಬೇಡತೊಡಗಿದರೆ, ಬೆಸುಗೆಯ ಕಾರಣದಿಂದ ಇಡೀ ಯಂತ್ರವನ್ನೇ ಬದಲಿಸಬೇಕಾಗುತ್ತದೆ. ಸಾಲ ಮಾಡಿ ಕೊಡಿಸಿದ ತಂದೆತಾಯಿಗಳಿಗೆ ಇದು ಸಣ್ಣ ಮಾತಲ್ಲ.

ನಮ್ಮ ಮನೆಗಳ ಬಲ್ಬ್ ಹೋಲ್ಡರನ್ನು ಒಮ್ಮೆ ನೋಡಿ. ಎರಡು ಪಿನ್ನು, ಒತ್ತಿ ತಿರುಗಿಸಿದರೆ ಕೂರುತ್ತದೆ. ನಾನು ಹುಡುಗನಾಗಿದ್ದಾಗ ಅದರಲ್ಲಿ ತಂತಿಯ ಗುಂಡು ಬಲ್ಬು ಉರಿಯುತ್ತಿತ್ತು. ಆಮೇಲೆ ಸಿಎಫ್‌ಎಲ್ ಬಂತು, ಈಗ ಎಲ್‌ಇಡಿ. ಬೆಳಕು ಹುಟ್ಟುವ ತತ್ತ್ವವೇ ಎರಡು ಬಾರಿ ಬದಲಾಯಿತು, ಹೋಲ್ಡರ್ ಬದಲಾಗಲಿಲ್ಲ. ಬಲ್ಬು ತಯಾರಿಸುವವನು ಹೋಲ್ಡರ್ ತಯಾರಿಸುವವನ ಅಪ್ಪಣೆಗಾಗಿ ಕಾಯಬೇಕಾಗಲಿಲ್ಲ. ಮಾನಕ ಎಂಬ ಮಾತಿನ ಅರ್ಥ ಇದು. ಎಲ್ಲರೂ ಒಪ್ಪಿದ, ಯಾರೊಬ್ಬರ ಸ್ವತ್ತೂ ಅಲ್ಲದ, ತಲೆಮಾರುಗಳನ್ನು ದಾಟಿ ಉಳಿಯುವ ಒಂದು ಕರಾರು.

ಮೇಜಿನ ಮೇಲಿನ ಕಂಪ್ಯೂಟರುಗಳಿಗೆ ಇಂಥ ಹೋಲ್ಡರ್ ಇದೆ. ಅದರ ಹೆಸರು ಪಿಸಿಐ ಎಕ್ಸ್‌ಪ್ರೆಸ್. ಎರಡು ಸಾವಿರದ ದಶಕದ ಆರಂಭದಲ್ಲಿ ಅದರ ಮೊದಲ ವಿಧಿಗಳು ಪ್ರಕಟವಾದವು. ಅಲ್ಲಿಂದೀಚೆಗೆ ವೇಗ ಹಲವು ಪಟ್ಟು ಹೆಚ್ಚಿದ್ದರೂ ಹೊಸ ಕಾರ್ಡು ಹಳೆಯ ಸ್ಲಾಟಿನಲ್ಲಿ ಕೂರುವಂತೆ ನೋಡಿಕೊಂಡು ಬಂದಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಗೆ ಹೋದರೂ ಕಾರ್ಡ್ ಕೊಂಡುತಂದು, ನಾಲ್ಕು ತಿರುಪು ಬಿಚ್ಚಿ, ಮನೆಯಲ್ಲೇ ಕೂರಿಸಿಕೊಳ್ಳಬಹುದು.

ಲ್ಯಾಪ್‌ಟಾಪಿಗೂ ಇಂಥದೊಂದು ಬೇಕೆಂದು ಯಾರೂ ಯೋಚಿಸಲೇ ಇಲ್ಲವೆಂದು ತಿಳಿಯಬೇಡಿ. 2004ರಲ್ಲಿ ಎನ್‌ವಿಡಿಯಾ ಸಂಸ್ಥೆಯು ಲ್ಯಾಪ್‌ಟಾಪ್ ತಯಾರಕರೊಡನೆ ಸೇರಿ ಎಂಎಕ್ಸ್‌ಎಂ ಎಂಬ ಮಾನಕವನ್ನು ಮುಂದಿಟ್ಟಿತು. ಅಂಗೈಯಗಲದ ಪುಟ್ಟ ಹಲಗೆ, ಅದರ ಅಂಚಿಗೆ ಜೋಡಣೆಯ ಹಲ್ಲುಗಳು. ದಪ್ಪನೆಯ, ದುಬಾರಿಯಾದ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪುಗಳಲ್ಲಿಯೂ ಕೆಲವು ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿಯೂ ಅದು ಹಲವು ವರ್ಷ ಬಳಕೆಯಲ್ಲಿತ್ತು. ಆದರೂ ಬಲ್ಬಿನ ಹೋಲ್ಡರಿನಂತೆ ಅದು ಮನೆಮಾತಾಗಲಿಲ್ಲ.

ಕಾರಣಗಳಲ್ಲಿ ಮೊದಲನೆಯದು ಭೌತಶಾಸ್ತ್ರದ್ದು. ಬಲವಾದ ಗ್ರಾಫಿಕ್ಸ್ ಚಿಪ್ಪು ಹತ್ತಾರು ವ್ಯಾಟುಗಳಿಂದ ನೂರು ವ್ಯಾಟುಗಳಿಗೂ ಮೀರಿ ಶಾಖ ಉಗುಳುತ್ತದೆ. ಆ ಶಾಖವನ್ನು ತಾಮ್ರದ ಕೊಳವೆಗಳ ಮೂಲಕ ಫ್ಯಾನಿನ ಬಳಿಗೆ ಸಾಗಿಸಬೇಕು. ಹೊಸ ಕಾರ್ಡಿನಲ್ಲಿ ಚಿಪ್ಪಿನ ಜಾಗವೋ ಎತ್ತರವೋ ಕೊಂಚ ಬದಲಾದರೂ ಹಳೆಯ ತಾಮ್ರದ ತಟ್ಟೆ ಅದಕ್ಕೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಎರಡನೆಯದು ತಯಾರಕರ ಸ್ವಭಾವದ್ದು. ಜೋಡಣೆಯ ಹಲ್ಲುಗಳು ಒಂದೇ ಆಗಿದ್ದರೂ ಕೆಲವರು ಹಲಗೆಯ ಆಕಾರವನ್ನು ತಮಗೆ ಬೇಕಾದಂತೆ ಬದಲಿಸಿಕೊಂಡರು. ಯಂತ್ರದೊಳಗಿನ ಬಯಾಸ್ ತಂತ್ರಾಂಶವು ಅಪರಿಚಿತ ಕಾರ್ಡನ್ನು ಒಪ್ಪದಿರುವುದೂ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಾರ್ಡುಗಳು ಸಾಮಾನ್ಯ ಅಂಗಡಿಗಳ ಸರಕಾಗಲೇ ಇಲ್ಲ. ಹೋಲ್ಡರ್ ಇದ್ದು ಊರಿನಲ್ಲಿ ಬಲ್ಬು ಸಿಗದಿದ್ದರೆ ಕತ್ತಲೆಯೇ ಗತಿ. ಅಷ್ಟರಲ್ಲಿ ಗ್ರಾಹಕರಾದ ನಾವೂ ತೆಳ್ಳಗಿನ ಯಂತ್ರವೇ ಚೆಂದವೆಂದು ಆರಿಸಿಕೊಳ್ಳುತ್ತ ಹೋದೆವು.

ಬೆಸುಗೆಯ ನಷ್ಟವೇನೆಂಬುದಕ್ಕೆ 2008ರ ಪ್ರಸಂಗ ಸಾಕ್ಷಿ. ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಬಳಸಿದ ಸಾಮಗ್ರಿ ದುರ್ಬಲವಾಗಿ ಅವು ಕೆಡುತ್ತಿವೆಯೆಂದು ಎನ್‌ವಿಡಿಯಾ ಆ ವರ್ಷದ ಜುಲೈನಲ್ಲಿ ಪ್ರಕಟಿಸಿತು. ದುರಸ್ತಿಯ ಖರ್ಚಿಗೆಂದು 15ರಿಂದ 20 ಕೋಟಿ ಡಾಲರುಗಳನ್ನು ತೆಗೆದಿರಿಸುವುದಾಗಿ ಹೇಳಿತು. ಕೆಟ್ಟದ್ದು ಹೆಬ್ಬೆರಳ ಉಗುರಿನಷ್ಟು ಭಾಗ. ಆದರೆ ಅದನ್ನು ಬೆಸೆದಿದ್ದ ಲ್ಯಾಪ್‌ಟಾಪುಗಳಲ್ಲಿ ಮದರ್‌ಬೋರ್ಡನ್ನೇ ಬದಲಿಸಬೇಕಾಯಿತು. ಬದಲಿಸುವ ಅವಕಾಶವೆಂಬುದು ಹೆಚ್ಚಿನ ವೇಗ ಬಯಸುವವರ ಶೋಕಿಯಷ್ಟೇ ಅಲ್ಲ, ಕೆಟ್ಟಾಗ ಕಾಪಾಡುವ ವಿಮೆಯೂ ಹೌದು.

ಹಾಗಾದರೆ ಸ್ಲಾಟ್ ಇದ್ದರೆ ಸಾಕೇ? ಸಾಲದು. 2019ರಲ್ಲಿ ಡೆಲ್ ಸಂಸ್ಥೆಯ ಏಲಿಯನ್‌ವೇರ್ ಏರಿಯಾ-51ಎಂ ಎಂಬ ಲ್ಯಾಪ್‌ಟಾಪ್ ಬಂತು. ಪ್ರೊಸೆಸರನ್ನೂ ಗ್ರಾಫಿಕ್ಸನ್ನೂ ಬದಲಿಸಬಹುದೆಂಬುದೇ ಅದರ ದೊಡ್ಡ ಪ್ರಚಾರ. ಗ್ರಾಫಿಕ್ಸ್ ಹಲಗೆ ಬೇರ್ಪಡಿಸುವಂಥದೇ ಆಗಿತ್ತು, ಆದರೆ ಅದು ಆ ಸಂಸ್ಥೆಯದೇ ಸ್ವಂತ ವಿನ್ಯಾಸ. ಮರುವರ್ಷ ಹೊಸ ಪೀಳಿಗೆಯ ಚಿಪ್ಪುಗಳೊಂದಿಗೆ ಹೊಸ ಮಾದರಿ ಬಂದಾಗ, ಆ ಹೊಸ ಭಾಗಗಳು ಹಳೆಯ ಯಂತ್ರಕ್ಕೆ ದೊರೆಯಲಿಲ್ಲ. ಪ್ರಚಾರದಿಂದ ತಪ್ಪು ತಿಳಿವಳಿಕೆ ಉಂಟಾಯಿತೆಂದು ದೂರಿ 2021ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಲಾಯಿತು. ನ್ಯಾಯದ ತೀರ್ಮಾನ ನನ್ನ ಕೆಲಸವಲ್ಲ. ನಾನು ತೆಗೆದುಕೊಳ್ಳುವ ಪಾಠ ಇಷ್ಟೇ: ಒಬ್ಬನೇ ಬಲ್ಲ ಜೋಡಣೆ ಅವನ ಮನಸ್ಸು ಇರುವವರೆಗೆ ಮಾತ್ರ.

ಆಗದ ಮಾತು ಇದಲ್ಲವೆಂಬುದಕ್ಕೂ ಉದಾಹರಣೆಯಿದೆ. ಅಮೆರಿಕದ ಫ್ರೇಮ್‌ವರ್ಕ್ ಎಂಬ ಚಿಕ್ಕ ಸಂಸ್ಥೆ 2023ರಲ್ಲಿ ಹದಿನಾರು ಇಂಚಿನ ಲ್ಯಾಪ್‌ಟಾಪೊಂದನ್ನು ಪ್ರಕಟಿಸಿ, 2024ರ ಆರಂಭದಿಂದ ಗ್ರಾಹಕರಿಗೆ ಕಳುಹಿಸತೊಡಗಿತು. ಇದರ ಗ್ರಾಫಿಕ್ಸ್ ಭಾಗ ತನ್ನ ಫ್ಯಾನುಗಳ ಸಮೇತ ಹಿಂಬದಿಯಿಂದ ಒಂದೇ ಘಟಕವಾಗಿ ಕಳಚಿಕೊಳ್ಳುತ್ತದೆ. ಶಾಖದ ವ್ಯವಸ್ಥೆಯೂ ಕಾರ್ಡಿನೊಡನೆಯೇ ಬದಲಾಗುವುದರಿಂದ ತಾಮ್ರದ ತಟ್ಟೆಯ ಹಳೆಯ ತೊಡಕು ಇಲ್ಲಿಲ್ಲ. ಮೊದಲು ಬಂದದ್ದು ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 7700ಎಸ್. 2025ರ ಆಗಸ್ಟಿನಲ್ಲಿ, ಅದೇ ಯಂತ್ರಕ್ಕೆ ಹೊಂದುವ ಎನ್‌ವಿಡಿಯಾದ ಆರ್‌ಟಿಎಕ್ಸ್ 5070 ಘಟಕವನ್ನು ಪ್ರಕಟಿಸಿದರು. ಮೊದಲ ವರ್ಷ ಕೊಂಡವರೂ ಅದನ್ನು ಹಾಕಿಕೊಳ್ಳಬಹುದು. ಜೋಡಣೆಯ ವಿವರಗಳನ್ನೂ ಮುಕ್ತವಾಗಿ ಬಿಡುಗಡೆ ಮಾಡಿದ್ದಾರೆ. ಇದು ಅಗ್ಗದ ಯಂತ್ರವಲ್ಲ, ಹಗುರವೂ ಅಲ್ಲ. ಆದರೂ ಕೊಟ್ಟ ಮಾತು ಒಂದು ಪೀಳಿಗೆಯನ್ನಾದರೂ ದಾಟಿತು.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. ಪ್ರೊಸೆಸರ್, ಗ್ರಾಫಿಕ್ಸ್ ಎರಡನ್ನೂ ಒಂದೇ ಚಿಪ್ಪಿನೊಳಗಿಟ್ಟು ಸ್ಮೃತಿಯನ್ನು ಎರಡಕ್ಕೂ ಹಂಚಿದರೆ ವಿದ್ಯುತ್ತು ಉಳಿಯುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. 2020ರಿಂದ ಆಪಲ್ ಹಿಡಿದಿರುವ ದಾರಿ ಇದು, ಫಲವೂ ಚೆನ್ನಾಗಿದೆ. ಅಂಥ ಯಂತ್ರದಿಂದ ಗ್ರಾಫಿಕ್ಸನ್ನು ಬೇರ್ಪಡಿಸಿ ಕೊಡಿ ಎಂದು ಕೇಳುವುದರಲ್ಲಿ ಅರ್ಥವಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಗ್ರಾಫಿಕ್ಸಿಗೆಂದೇ ಪ್ರತ್ಯೇಕ ಚಿಪ್ಪನ್ನಿಟ್ಟು, ಅದಕ್ಕೆಂದೇ ಹೆಚ್ಚು ಬೆಲೆ ಪಡೆದು, ಎರಡು ಬೆರಳು ದಪ್ಪವಿರುವ ಭಾರದ ಗೇಮಿಂಗ್ ಲ್ಯಾಪ್‌ಟಾಪುಗಳಿಗೆ ಈ ವಾದ ಅನ್ವಯಿಸದು. ಅಲ್ಲಿ ತೆಳುವಿನ ನೆಪ ನಿಲ್ಲುವುದಿಲ್ಲ.

ವಿಶ್ವಸಂಸ್ಥೆಯ ಅಂಗಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ದಾಖಲೆಯ ಪ್ರಕಾರ ಶೇಕಡಾ 22.3 ಮಾತ್ರ. ಪರದೆಯೂ ಕೀಲಿಮಣೆಯೂ ಚೆನ್ನಾಗಿರುವ ಯಂತ್ರ ಒಂದು ಚಿಪ್ಪಿಗಾಗಿ ಈ ರಾಶಿಗೆ ಸೇರುವುದನ್ನು, ಹರಿದ ಪುಸ್ತಕಕ್ಕೆ ಬೈಂಡು ಹಾಕಿಸಿ ತಮ್ಮನಿಗೆ ಓದಲು ಕೊಡುತ್ತಿದ್ದ ನಮ್ಮ ಪೀಳಿಗೆಗೆ ನೋಡಲಾಗದು.

ಫ್ರಾನ್ಸ್ ದೇಶವು 2021ರ ಜನವರಿಯಿಂದ ಲ್ಯಾಪ್‌ಟಾಪ್ ಮೊದಲಾದ ವಸ್ತುಗಳ ಮೇಲೆ ದುರಸ್ತಿಯ ಅಂಕವನ್ನು ಹತ್ತಕ್ಕೆ ಇಷ್ಟು ಎಂದು ಮುದ್ರಿಸುವುದನ್ನು ಕಡ್ಡಾಯ ಮಾಡಿತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಆ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಒಳ್ಳೆಯ ಹೆಜ್ಜೆ. ಆದರೆ ನನ್ನ ಅಭಿಪ್ರಾಯದಲ್ಲಿ ಪೆಟ್ಟಿಗೆಯ ಮೇಲೆಯೇ ಮೂರು ಸಂಗತಿ ಅಚ್ಚಾಗಬೇಕು. ಯಾವ ಭಾಗ ಬೆಸೆದದ್ದು, ಯಾವುದನ್ನು ಬದಲಿಸಬಹುದು. ಬದಲಿ ಭಾಗ ಎಷ್ಟು ವರ್ಷ ಸಿಗುತ್ತದೆ. ಅದನ್ನು ಬೇರೆಯವರೂ ತಯಾರಿಸಲು ವಿವರಗಳು ಮುಕ್ತವಾಗಿವೆಯೇ. ಎಲ್ಲ ಯಂತ್ರಗಳೂ ಬಿಚ್ಚುವಂತಿರಬೇಕೆಂಬ ಹಟ ನನಗಿಲ್ಲ. ಬಿಚ್ಚಲಾಗದ್ದನ್ನು ಬಿಚ್ಚಲಾಗದೆಂದು ಹೇಳಿ ಮಾರಲಿ, ಅಷ್ಟೇ.

ಅಲ್ಲಿಯವರೆಗೆ ನನ್ನ ಮಕ್ಕಳಂತಿರುವ ನಿಮಗೆ ಹೇಳುವ ಮಾತು ಇದು. "ಮುಂದೆ ಬದಲಿಸಬಹುದು" ಎಂಬ ಬಾಯಿಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಮಗಳ ವ್ಯಾಸಂಗಕ್ಕೆ ಯಾವ ತಂತ್ರಾಂಶ ಬೇಕೆಂದು ಕಾಲೇಜಿನಲ್ಲೇ ಕೇಳಿ ತಿಳಿದು, ನಾಲ್ಕು ವರ್ಷಕ್ಕೆ ಸಾಲುವ ಗ್ರಾಫಿಕ್ಸ್ ಇಂದೇ ಇರುವ ಯಂತ್ರವನ್ನು ಆರಿಸಿ. ಸ್ಮೃತಿ ಮತ್ತು ಸಂಗ್ರಹ ಹಲವು ಯಂತ್ರಗಳಲ್ಲಿ ಈಗಲೂ ಬದಲಿಸುವಂತಿವೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಅವುಗಳಲ್ಲಿ ಉಳಿಸಿ, ಗ್ರಾಫಿಕ್ಸಿನಲ್ಲಿ ಉಳಿಸಬೇಡಿ. ಮನೆಯಲ್ಲಿ ಕೂತೇ ಕೆಲಸವೆಂದಾದರೆ ಮೇಜಿನ ಕಂಪ್ಯೂಟರೇ ಲೇಸು. ಅಂಗಡಿಯವರು ಬದಲಿಸಬಹುದೆಂದು ಹೇಳಿದರೆ, ಬದಲಿ ಕಾರ್ಡನ್ನು ಇಂದೇ ತೋರಿಸಿ, ಬೆಲೆ ಹೇಳಿ ಎಂದು ಸಂಕೋಚವಿಲ್ಲದೆ ಕೇಳಿ. ಕೊಳ್ಳುವವರೆಲ್ಲ ಹೀಗೆ ಕೇಳತೊಡಗಿದ ದಿನ ತಯಾರಕರೂ ಉತ್ತರವನ್ನು ಸಿದ್ಧಪಡಿಸಿಕೊಳ್ಳುತ್ತಾರೆ.